ಖಾಲಿ ಚೀಲದ ತೂಕ

ಮೂಡಿಗೆರೆ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷ ಗಣಿತ ಹೇಳಿಕೊಟ್ಟೆ. ಮಕ್ಕಳಲ್ಲಿ ಅರ್ಧಕ್ಕರ್ಧ ಕಾಫಿ ತೋಟದ ಲೈನ್ ಮನೆಗಳಿಂದ, ಅಂದರೆ ಕೂಲಿಯವರ ಸಾಲುಮನೆಗಳಿಂದ, ಬರುವವರು. ನವೆಂಬರ್ ಹೊತ್ತಿಗೆ ಅರೇಬಿಕಾ ಕಾಫಿ ಹಣ್ಣಾಯಿತು ಅಂದರೆ ಬೆಂಚುಗಳು ಖಾಲಿಯಾಗಲು ಶುರು. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಕೊಯ್ಲು. ಕೆಲವರು ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಿದ್ದರು, ಕೆಲವರು ಅಮ್ಮನ ಹಿಂದೆ ತೋಟಕ್ಕೆ. ಹೋದ ಹೊಸದರಲ್ಲಿ ಬೈದೆ. ಬೈದರೆ ಇನ್ನೆರಡು ದಿನ ಜಾಸ್ತಿ ಬರುತ್ತಿರಲಿಲ್ಲ, ಅಷ್ಟೇ.

ಆಮೇಲೆ ಲೆಕ್ಕವನ್ನೇ ತೋಟಕ್ಕೆ ಕಳಿಸಿದೆ. ಶೇಕಡಾ ಪಾಠಕ್ಕೆ ಓಟಿ, ಅಂದರೆ ಔಟ್‌ಟರ್ನ್, ಹಿಡಿದುಕೊಂಡೆ. ಐವತ್ತು ಕೆಜಿ ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆಯಿಂದ 26 ಕೆಜಿ ಬೀಜ ಬಂದರೆ ಓಟಿ 26. ಹಾಗಾದರೆ ಶೇಕಡಾ ಎಷ್ಟು? ಸಣ್ಣ ಬೆಳೆಗಾರರ ಮಕ್ಕಳು ನಾನು ಚಾಕ್‌ಪೀಸ್ ಎತ್ತುವ ಮೊದಲೇ 52 ಅಂದುಬಿಡುತ್ತಿದ್ದರು. ಓಟಿ ಒಂದು ಕಡಿಮೆ ಬಂದ ದಿನ ಅಪ್ಪ ಮನೆಯಲ್ಲಿ ಹೇಗಿರುತ್ತಾರೆ ಅಂತ ಅವರಿಗೆ ಗೊತ್ತಲ್ವಾ! ಲೈನ್ ಮನೆಯವರಿಗೆ ಬೇರೆ ಹೋಂವರ್ಕ್: ಅಮ್ಮನ ಒಂದು ವಾರದ ಕೊಯ್ಲಿನ ಲೆಕ್ಕ ಬರೆದು ತನ್ನಿ. ಎಷ್ಟು ಚೀಲ, ಎಷ್ಟು ಕೆಜಿ, ಕೆಜಿಗೆ ಎಷ್ಟು.

ಒಂಬತ್ತನೇ ಕ್ಲಾಸಿನ ಒಬ್ಬಳು ಆ ಹಾಳೆಯ ಕೆಳಗೆ ಒಂದು ಪ್ರಶ್ನೆ ಬರೆದಿದ್ದಳು. 'ಚೀಲಕ್ಕೆ ಅಂತ ಎರಡು ಕೆಜಿ ಮುರಿಯುತ್ತಾರೆ. ಎಂತಕ್ಕೆ ಮೇಡಂ?'

ನಂಗೂ ಗೊತ್ತಿಲ್ಲ, ತೂಗಿ ನೋಡು ಅಂದೆ. ಸುಮ್ನೆ ಅಂದದ್ದು. ಅವಳು ಖಾಲಿ ಗೋಣಿಚೀಲ ತಗೊಂಡು ಅಂಗಡಿಗೆ ಹೋಗಿ ತಕ್ಕಡಿಗೆ ಹಾಕಿಸಿದ್ದಾಳೆ. 800 ಗ್ರಾಂ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಬೆಳಗಿನ ಮಂಜಿಗೆ ಚೀಲ ಒದ್ದೆಯಾಗುತ್ತೆ, ಆಗ ಭಾರ ಜಾಸ್ತಿ ಅಂತ ಅವಳಿಗೇ ಹೊಳೆದಿದೆ. ಮರುದಿನ ನೆನೆಸಿ, ಹಿಂಡಿ, ಮತ್ತೆ ತೂಗಿಸಿದ್ದಾಳೆ. ಒಂದು ಕೆಜಿ 200 ಗ್ರಾಂ. ಲೆಕ್ಕ ಮಾಡಿದ್ದು ಒದ್ದೆ ಚೀಲದ ತೂಕದಲ್ಲಿ. ಚೀಲಕ್ಕೆ 800 ಗ್ರಾಂ ಜಾಸ್ತಿ ಮುರಿತ, ದಿನಕ್ಕೆ ಎರಡು ಚೀಲ, ಆಗಿನ ಎರಡು ರೂಪಾಯಿ ದರ, ಅರವತ್ತು ದಿನದ ಕೊಯ್ಲು. ಕೊನೆಯಲ್ಲಿ ಎರಡು ಗೆರೆ ಎಳೆದು 192 ರೂಪಾಯಿ ಅಂತ ಬರೆದಿದ್ದಳು.

ನಾನು ಪೂರ್ತಿ ಮಾರ್ಕು ಕೊಟ್ಟೆ, ಕ್ಲಾಸಿನಲ್ಲಿ ಚಪ್ಪಾಳೆ ಹೊಡೆಸಿದೆ. ಸಂಜೆ ಅವಳು ಆ ಹಾಳೆಯನ್ನು ಅಮ್ಮನಿಗೆ ತೋರಿಸಿದಳು. ಅಮ್ಮ ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿದರು. ಆಮೇಲೆ ಆ ಮನೆಗೆ ಕೆಲಸ ಕಡಿಮೆಯಾಗುತ್ತಾ ಬಂತು. ಏಪ್ರಿಲ್‌ನಲ್ಲಿ ಹುಡುಗಿ ಟಿಸಿ ಕೇಳಿಕೊಂಡು ಬಂದಳು. ಸಕಲೇಶಪುರದ ಕಡೆ ಬೇರೆ ತೋಟಕ್ಕೆ ಹೋಗ್ತಿದ್ದೇವೆ ಅಂದಳು. ನಾನು ಅಲ್ಲಿನ ಹೆಡ್‌ಮಾಸ್ಟರಿಗೆ ಒಂದು ಕಾಗದ ಬರೆದುಕೊಟ್ಟೆ. ಬೇರೇನೂ ಮಾಡಲಿಲ್ಲ. ಲೆಕ್ಕ ಕಲಿಸಿದವಳು ನಾನು, ಮನೆ ಖಾಲಿ ಮಾಡಿದವರು ಅವರು. ಈಗಲೂ ಇದು ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ.

ಇನ್ನೊಂದು ಹೇಳಿಬಿಡ್ತೀನಿ. ಹಾಸನದಿಂದ ಬೇಲೂರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಕಂಡಕ್ಟರ್ ಟಿಕೆಟ್ ಕೊಟ್ಟು ನಗುತ್ತಾ, 'ಮೇಡಂ, ಇಪ್ಪತ್ತೈದಕ್ಕೆ ನಾಲ್ಕು' ಅಂದ. ನನಗೆ ತಲೆಬುಡ ಗೊತ್ತಾಗಲಿಲ್ಲ. ಅವನು ನನ್ನ ಹಳೇ ವಿದ್ಯಾರ್ಥಿ, ಅದು ಅವನ ಕಿರುಪರೀಕ್ಷೆಯ ಮಾರ್ಕು. ಎಲ್ಲರೆದುರು ನಾನು ಗಟ್ಟಿಯಾಗಿ ಓದಿದ್ದೆನಂತೆ, ಇಡೀ ಕ್ಲಾಸು ನಕ್ಕಿತಂತೆ. ಅವತ್ತಿನಿಂದ ಗಣಿತದ ಪುಸ್ತಕ ತೆರೆಯಲಿಲ್ಲ ಅಂದ. ಬೇಸರದಿಂದ ಹೇಳಿದ್ದಲ್ಲ, ಚಿಲ್ಲರೆ ಎಣಿಸುತ್ತಲೇ ಹೇಳಿದ. ನನಗೆ ಆ ದಿನ ನೆನಪೇ ಇಲ್ಲ. ಬೇಲೂರು ಬರುವವರೆಗೂ ಕಿಟಕಿ ಆಚೆ ನೋಡುತ್ತಾ ಕೂತೆ. ಆಮೇಲಿನ ವರ್ಷಗಳಲ್ಲಿ ಮಾರ್ಕು ಗಟ್ಟಿಯಾಗಿ ಓದಲಿಲ್ಲ. ಪೇಪರ್ ಮಡಚಿ ಕೈಗೆ ಕೊಡುತ್ತಿದ್ದೆ. ಮಡಚಿದ್ದರ ಮೇಲೆ ಹೆಸರು, ಒಳಗೆ ಮಾರ್ಕು, ಅದರ ಕೆಳಗೆ ಎಲ್ಲಿ ದಾರಿ ತಪ್ಪಿದ್ದಾರೆ ಅಂತ ಒಂದು ಸಾಲು. ನಲವತ್ತು ಪೇಪರಿಗೆ ಹಾಗೆ ಬರೆಯಲು ಎರಡು ರಾತ್ರಿ ಬೇಕು. ಎಲ್ಲರೂ ಓದುತ್ತಿದ್ದರು ಅಂತೇನೂ ಇಲ್ಲ.

ಈ ಜನವರಿಯಲ್ಲಿ ಒಂದು ಮದುವೆಗೆ ಸಕಲೇಶಪುರಕ್ಕೆ ಹೋಗಿದ್ದೆ. ಆ ಹುಡುಗಿ ಹೇಗೋ ಫೋನ್ ನಂಬರ್ ಹುಡುಕಿ ಬಂದು ಕರೆದುಕೊಂಡು ಹೋದಳು. ಬಿಕಾಂ ಮುಗಿಸಿ ಒಂದು ತೋಟದಲ್ಲಿ ಅವಳೇ ಈಗ ರೈಟರ್. ಸಂಜೆ ನಾಲ್ಕೂವರೆ. ಕಣದ ಪಕ್ಕ ಹೆಂಗಸರು ಹಣ್ಣಿನ ಚೀಲ ಇಟ್ಟುಕೊಂಡು ಸಾಲಾಗಿ ನಿಂತಿದ್ದರು. ಅವಳು ಮೊದಲು ಒಂದು ಖಾಲಿ ಚೀಲ ತೂಕದ ಯಂತ್ರದ ಮೇಲೆ ಹಾಕಿ, ಎಲ್ಲರಿಗೂ ಕೇಳುವ ಹಾಗೆ, 'ಒಂದು ಕೆಜಿ ನೂರೈವತ್ತು' ಅಂತ ಕೂಗಿದಳು. ಪುಸ್ತಕದಲ್ಲಿ ಬರೆದುಕೊಂಡಳು. ನಾನು ಪಕ್ಕದ ಕಟ್ಟೆಯ ಮೇಲೆ ಕೂತಿದ್ದೆ.

ಸಾಲಿನ ಮುಂದಿದ್ದ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡು, 'ದಿನಾ ಇದೊಂದು! ಬೇಗ ತೂಗೇ ಮಾರಾಯ್ತಿ, ಜೀಪು ಹೊರಡುತ್ತೆ' ಅಂದಳು.