ಮಡಗಾಂವದ ಮಳೆಗೆ ಮಡಚುವ ಆನಿಂಗ್

ಮಡಗಾಂವದ ನಮ್ಮ ಮನೆಯ ಜಗಲಿ ಪಶ್ಚಿಮಕ್ಕೆ ಮುಖ ಮಾಡಿದೆ. ಕಟ್ಟಿಸಿದವರು ಸಂಜೆಗಾಳಿಗೆಂದೇ ಹಾಗೆ ಮಾಡಿರಬೇಕು. ಗಾಳಿಯ ಜೊತೆ ಎರಡು ಕಾಟಗಳೂ ಬಂದವು. ಅಕ್ಟೋಬರಿನಿಂದ ಮೇ ತನಕ ಮಧ್ಯಾಹ್ನ ಮೂರರ ಮೇಲೆ ಅಲ್ಲಿ ಬರಿಗಾಲಿಡುವ ಹಾಗಿಲ್ಲ. ಜೂನ್ ಬಂತೆಂದರೆ ಎರಚಲು, ಒಳಗಿನ ಬಾಗಿಲ ತನಕ ನೆಲ ಒದ್ದೆ. ಕುಮಟಾದ ಊರಮನೆಯಲ್ಲಾದರೆ ಮಳೆಗಾಲಕ್ಕೆ ಮುಂಚೆ ಸೋಗೆ ತಟ್ಟಿ ಕಟ್ಟಿ, ದೀಪಾವಳಿ ಹೊತ್ತಿಗೆ ಬಿಚ್ಚಿ ಬಚ್ಚಲೊಲೆಗೆ ಹಾಕಿದರೆ ಮುಗಿಯಿತು. ಇಲ್ಲಿ ಸೋಗೆ ತರುವುದೆಲ್ಲಿಂದ, ಕಟ್ಟುವವರು ಯಾರು? ತಗಡಿನ ಶೀಟು ಹೊಡೆಸಿಬಿಡಿ ಎಂದವರು ಬಹಳ ಜನ. ಶೀಟಿನ ಮೇಲೆ ಆಷಾಢದ ಮಳೆ ಬಿದ್ದರೆ ಫೋನಿನಲ್ಲಿ ಮಾತು ಕೇಳುವುದಿಲ್ಲ, ಮನೆಯೊಳಗೆ ವರ್ಷವಿಡೀ ಕತ್ತಲು. ಹಾಗಾಗಿ ಬೇಕಾದಾಗ ಬಿಚ್ಚಿ ಬೇಡವಾದಾಗ ಸುತ್ತಿಡುವ ಆನಿಂಗ್, ಅಂದರೆ ಮಡಚುವ ತೋಳುಗಳ ಮೇಲೆ ಗೋಡೆಯಿಂದ ಹೊರಕ್ಕೆ ಚಾಚುವ ಬಟ್ಟೆಯ ಮಾಡು, ಹುಡುಕಲು ಹೊರಟೆ.

ಮಾರುವವರು ಮೊದಲು ಮುಂದಿಡುವುದು ಬಟ್ಟೆಯ ಬಣ್ಣದ ಪುಸ್ತಕ. ಅದನ್ನು ಪಕ್ಕಕ್ಕೆ ಸರಿಸಿ ನಾನು ಕೇಳುತ್ತಿದ್ದದ್ದು ಗಾಳಿಯ ಲೆಕ್ಕ. ಯುರೋಪಿನಲ್ಲಿ ಇದಕ್ಕೆ ಇಎನ್ 13561 ಎಂಬ ಮಾನದಂಡ ಇದೆ. ಅದರ ಪ್ರಕಾರ ಒಂದನೇ ವರ್ಗದ ಆನಿಂಗ್ ಗಂಟೆಗೆ 28 ಕಿ.ಮೀ. ಗಾಳಿಯವರೆಗೆ, ಎರಡನೆಯದು 38ರವರೆಗೆ, ಮೂರನೆಯದು 49ರವರೆಗೆ ಬಿಚ್ಚಿಟ್ಟಿರಬಹುದು. ಕೊಂಕಣದ ಮಳೆಗಾಲದಲ್ಲಿ ಜೋರು ಮಳೆ ಬರುವಾಗ ಮುಂದೆ ಓಡಿಬರುವ ಗಾಳಿ ಇದನ್ನು ಸಲೀಸಾಗಿ ದಾಟುತ್ತದೆ. 2021ರ ಮೇ 16ರಂದು ತೌಕ್ತೆ ಚಂಡಮಾರುತ ಗೋವಾದ ಪಕ್ಕದಿಂದ ಹಾದುಹೋದಾಗ ಮರಗಳೂ ವಿದ್ಯುತ್ ಕಂಬಗಳೂ ಉರುಳಿದ್ದವು. ಬಟ್ಟೆಯ ಪಾಡು ಹೇಳಬೇಕೆ? ಆದ್ದರಿಂದ ‘ಆಲ್ ವೆದರ್, ಸಾರ್’ ಎಂದ ಅಂಗಡಿಗಳಿಂದ ನಾನು ಎದ್ದು ಬಂದೆ. ವರ್ಗ ಎಷ್ಟು ಎಂದರೆ ಕಾಗದ ತೋರಿಸಿದವನ ಹತ್ತಿರ ಮಾತ್ರ ಮಾತು ಮುಂದುವರಿಸಿದೆ.

ಇಷ್ಟು ತಿಳಿದ ಮೇಲೆ ಕೆಲಸ ಹಂಚಿಕೊಟ್ಟೆ. ಬಿಸಿಲು, ಮೇ ಕೊನೆಯ ಗುಡುಗು ಮಳೆಯ ಮೊದಲ ಹನಿಗಳು, ಚೌತಿ ಕಳೆದ ಮೇಲಿನ ನೆಟ್ಟಗೆ ಬೀಳುವ ಮಳೆ, ಇವು ಆನಿಂಗಿಗೆ. ಜೂನ್ ಜುಲೈನ ಅಡ್ಡಮಳೆ ತಡೆಯಲು ಕಂಬಗಳ ನಡುವೆ ಮೇಲಿನಿಂದ ಕೆಳಕ್ಕೆ ಇಳಿಯುವ ಪರದೆ. ಅಡ್ಡ ಬರುವ ನೀರಿಗೆ ತಲೆಯ ಮೇಲೆ ಎಷ್ಟು ಚಾಚಿದರೂ ಉಪಯೋಗವಿಲ್ಲ. ಆನಿಂಗನ್ನು ದೊಡ್ಡದು ಮಾಡುವ ಹಣದಲ್ಲಿ ಪರದೆಯೇ ಬಂತು.

ಗೋಡೆಯಿಂದ ಹೊರಕ್ಕೆ ಚಾಚು ಆರೂವರೆ ಅಡಿ ಸಾಕೆಂದೆ. ಹತ್ತು ಅಡಿ ಹಾಕಿಸಿ ಎಂದು ಎಲ್ಲರೂ ಒತ್ತಾಯ ಮಾಡಿದರು. ಮಳೆ ಬೀಳುವ ಕಡೆ ಬಟ್ಟೆಗೆ ಕನಿಷ್ಠ 14 ಡಿಗ್ರಿ ಇಳಿಜಾರು ಬೇಕು, ಅಂದರೆ ನಾಲ್ಕು ಅಡಿಗೆ ಒಂದಡಿ. ನಮ್ಮ ತೊಲೆ ಇರುವುದು ಒಂಬತ್ತು ಅಡಿ ಎತ್ತರದಲ್ಲಿ. ಹತ್ತು ಅಡಿ ಚಾಚಿದರೆ ಮುಂದಿನ ಅಂಚು ಆರೂವರೆ ಅಡಿಗೆ ಬಂದು ನಿಲ್ಲುತ್ತದೆ, ಕೊಡೆ ಹಿಡಿದು ಬಂದವರು ಬಗ್ಗಬೇಕು. ತಲೆ ತಾಗದಿರಲೆಂದು ಇಳಿಜಾರು ಕಡಿಮೆ ಮಾಡಿದಿರೋ, ನೀರು ನಿಂತು ಬಟ್ಟೆ ತುಂಬಿದ ಉಡಿಯ ಹಾಗೆ ಜೋತುಬೀಳುತ್ತದೆ. ಒಂದು ಚದರ ಮೀಟರಿನಲ್ಲಿ ಐದು ಸೆಂ.ಮೀ. ನೀರು ನಿಂತರೆ ಐವತ್ತು ಕಿಲೋ. ಆ ಭಾರ ಬೀಳುವುದು ಚಾಚಿದ ತೋಳಿನ ತುದಿಯಲ್ಲಿ. ನಾನು ಆರೂವರೆ ಅಡಿಗೆ ಎರಡಡಿ ಇಳಿಸಿದೆ. ಅಂಚು ಏಳು ಅಡಿಗೆ ನಿಂತಿತು, ನೀರು ನಿಲ್ಲುವುದಿಲ್ಲ. ಅಂದಹಾಗೆ ತೋಳುಗಳು ಒಳಗೆ ಮಡಚಿ ಕೂರಬೇಕಾದ್ದರಿಂದ ಅಗಲ ಸಾಮಾನ್ಯವಾಗಿ ಚಾಚಿಗಿಂತ ಹೆಚ್ಚಿರಬೇಕು. ನಮ್ಮದು ಹನ್ನೆರಡು ಅಡಿ ಅಗಲ, ತೊಂದರೆ ಇರಲಿಲ್ಲ.

ಗೋಡೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅಂಗಡಿಯವರು ಇದರ ಬಗ್ಗೆ ಬಾಯಿ ಬಿಡುವುದೇ ಇಲ್ಲ. ಗೋವಾದ ಹಳೆಯ ಮನೆಗಳು ಹೆಚ್ಚಿನವು ಚಿರೆಕಲ್ಲಿನವು, ಅಂದರೆ ಕೆಂಪು ಲ್ಯಾಟರೈಟ್ ಕಲ್ಲಿನವು. ನಮ್ಮದೂ ಅದೇ, ಮೇಲೆ ಗಾರೆ ಬಳಿದಿದ್ದರಿಂದ ಹೊರಗೆ ಕಾಣುವುದಿಲ್ಲ ಅಷ್ಟೆ. ಚಿರೆಕಲ್ಲು ಭಾರ ಹೊರುತ್ತದೆ, ಆದರೆ ಬೋಲ್ಟು ಹಿಡಿದುಕೊಳ್ಳುವುದಿಲ್ಲ. ಸಾಮಾನ್ಯ ಆ್ಯಂಕರ್ ಬೋಲ್ಟು ಒಳಗೆ ಉಬ್ಬಿಕೊಂಡು ಹಿಡಿತ ಪಡೆಯುತ್ತದೆ. ತೂತುತೂತಾದ ಕಲ್ಲಿನಲ್ಲಿ ಉಬ್ಬಿದಷ್ಟೂ ಸುತ್ತಲಿನದು ಪುಡಿಯಾಗುತ್ತದೆ. ಆನಿಂಗಿನ ತೂಕ ಬೋಲ್ಟನ್ನು ಕೆಳಕ್ಕೆ ಎಳೆಯುವುದಕ್ಕಿಂತ ಹೊರಕ್ಕೆ ಕೀಳುವುದೇ ಹೆಚ್ಚು. ಹಾಗಾಗಿ ಆನಿಂಗನ್ನು ಹಿಡಿದಿಡುವ ಬ್ರಾಕೆಟ್ ಕಾಂಕ್ರೀಟ್ ತೊಲೆಗೇ ಕೂರಬೇಕೆಂದು ಹಟ ಹಿಡಿದೆ. ಡ್ರಿಲ್ ಮಾಡುವಾಗ ಏಣಿಯ ಬುಡದಲ್ಲೇ ನಿಂತಿದ್ದೆ. ಮೊದಲ ತೂತಿನಿಂದ ಕೆಂಪು ಹುಡಿ ಉದುರಿತು, ಅಂದರೆ ಕಲ್ಲು. ನಿಲ್ಲಿಸಿ, ನಾಲ್ಕು ಬೆರಳು ಮೇಲೆ ಹಾಕಿಸಿದೆ. ಬಿಳಿ ಗಾರೆಯ ಹಿಂದೆಯೇ ಬೂದು ಹುಡಿ ಬಂತು. ಅಲ್ಲಿಂದ ಮುಂದೆ ಪ್ರತಿ ತೂತಿಗೂ ಹುಡಿಯ ಬಣ್ಣ ನೋಡಿಯೇ ಸೈ ಎಂದದ್ದು. ತೂತನ್ನು ಊದಿ, ಬ್ರಷ್ ಹಾಕಿ, ಬೋಲ್ಟನ್ನು ಅಂಟಿಸಿ ಹಿಡಿಯುವ ಕೆಮಿಕಲ್ ಆ್ಯಂಕರ್ ತುಂಬಿ, ಅದು ಗಟ್ಟಿಯಾಗುವ ತನಕ ಬ್ರಾಕೆಟ್ಟಿಗೆ ಯಾರೂ ಕೈ ಹಚ್ಚದಂತೆ ಕಾದೆವು. ಕಾಂಕ್ರೀಟ್ ತೊಲೆ ಇಲ್ಲದ ಮನೆಯಾದರೆ ಬೋಲ್ಟು ಗೋಡೆಯ ಆಚೆ ಬದಿಗೆ ಹೊರಟು, ಅಲ್ಲಿ ಉಕ್ಕಿನ ಪಟ್ಟಿಗೆ ಬಿಗಿಯಬೇಕು.

ಬೋಲ್ಟು 316 ದರ್ಜೆಯ ಸ್ಟೇನ್‌ಲೆಸ್. ಕೋಲ್ವಾ ಕಡಲು ನಮ್ಮಿಂದ ದೂರವಿಲ್ಲ, ಆ ಉಪ್ಪುಗಾಳಿಗೆ ಸಾಮಾನ್ಯ 304 ದರ್ಜೆಯ ಸ್ಟೇನ್‌ಲೆಸ್ ಕೂಡ ಕಂದು ಕಲೆ ಹಿಡಿಯುತ್ತದೆ. ಬೆಲೆಯ ವ್ಯತ್ಯಾಸ ಒಟ್ಟು ಖರ್ಚಿನಲ್ಲಿ ಏನೂ ಅಲ್ಲ. ಸುತ್ತಿದಾಗ ಬಟ್ಟೆ ಪೂರ್ತಿ ಪೆಟ್ಟಿಗೆಯೊಳಗೆ ಸೇರುವ ಫುಲ್ ಕ್ಯಾಸೆಟ್ ತೆಗೆದುಕೊಂಡೆ. ವರ್ಷದಲ್ಲಿ ಮೂರು ತಿಂಗಳಿಗೂ ಹೆಚ್ಚು ಮುಚ್ಚಿಯೇ ಇರುವ ವಸ್ತುವಿಗೆ ತೆರೆದ ರೋಲರ್ ಯಾಕೆ? ಪೆಟ್ಟಿಗೆಯ ಹಿಂದಿನಿಂದ ಗೋಡೆ ನೀರು ಇಳಿಯದಂತೆ ಮೇಲೆ ಒಂದು ತಗಡಿನ ಪಟ್ಟಿಯನ್ನೂ ಕೂರಿಸಿದ್ದಾಯಿತು.

ಬಟ್ಟೆಯಲ್ಲಿ ನನಗೆ ಹೆಚ್ಚು ತಲೆಬಿಸಿ ಆಗಲಿಲ್ಲ. ನೂಲಿನಲ್ಲೇ ಬಣ್ಣ ಸೇರಿಸಿದ ಅಕ್ರಿಲಿಕ್ ಬಿಸಿಲಿಗೆ ಬೇಗ ಮಾಸುವುದಿಲ್ಲ, ಗಾಳಿಯಾಡುತ್ತದೆ. ಆದರೆ ಅದು ನೀರನ್ನು ಜಾರಿಸುತ್ತದೆಯೇ ಹೊರತು ಪೂರ್ತಿ ತಡೆಯುವುದಿಲ್ಲ. ಪಿವಿಸಿ ಲೇಪದ್ದು ನೀರು ಬಿಡುವುದಿಲ್ಲ, ಬಿಸಿಲಿಗೆ ಅಡಿಯಲ್ಲಿ ಧಗೆ ಕೂಡುತ್ತದೆ. ನನಗೆ ಬಿಸಿಲೇ ಮುಖ್ಯವಾದ್ದರಿಂದ ಅಕ್ರಿಲಿಕ್. ಹೊಲಿಗೆ ನೋಡಲೇಬೇಕು: ನೀರು ಮೊದಲು ತೊಟ್ಟಿಕ್ಕುವುದು ಸೂಜಿಯ ತೂತಿನಿಂದ. ಅಂಟಿಸಿದ ಜೋಡಣೆ ಸಿಕ್ಕರೆ ಒಳ್ಳೆಯದು.

ಮೋಟರ್ ಬೇಡವೆಂದೆ. ಗಾಳಿ ಎದ್ದರೆ ತಾನೇ ಸುತ್ತಿಕೊಳ್ಳುವ ಸೆನ್ಸರ್ ಬಗ್ಗೆ ಅವರು ಬಹಳ ಹೊಗಳಿದರು. ಇಲ್ಲಿ ಗಾಳಿ ಎದ್ದಾಗ ಮೊದಲು ಹೋಗುವುದೇ ಕರೆಂಟು! ಮೋಟರ್ ಬೇಕೇಬೇಕು ಎನ್ನುವವರು ಕೈಯಿಂದಲೂ ತಿರುಗಿಸುವ ಹಿಡಿಕೆ ಇರುವುದನ್ನೇ ಕೇಳಿ. ನಮ್ಮದು ಬರೀ ಹಿಡಿಕೆ, ಮನೆಯಲ್ಲಿ ಯಾರು ಬೇಕಾದರೂ ಸುತ್ತುತ್ತಾರೆ.

ಕೆಳಗಿಳಿಯುವ ಪರದೆ ಒಂದೇ ಅಗಲದ್ದು ಬೇಡವೆಂದು ಎರಡು ಭಾಗ ಮಾಡಿಸಿದೆ, ಕಿರಿದಾದಷ್ಟೂ ಗಾಳಿಗೆ ಕಡಿಮೆ ಉಬ್ಬುತ್ತದೆ. ಪಕ್ಕಗಳಲ್ಲಿ ಹಳಿ, ಅಡಿಯಲ್ಲಿ ತೂಕದ ಪಟ್ಟಿ, ಅದನ್ನು ನೆಲಕ್ಕೆ ಸಿಕ್ಕಿಸಲು ಕೊಂಡಿ. ಪೂರ್ತಿ ಪ್ಲಾಸ್ಟಿಕ್ಕಿನ ಬದಲು ಸಣ್ಣ ಕಣ್ಣಿನ ಜಾಲರಿ ಆರಿಸಿದೆ: ಎರಚಲಿನ ಹೆಚ್ಚಿನ ಪಾಲು ಹೊರಗೇ ಉಳಿಯುತ್ತದೆ, ಗಾಳಿ ಹಾದುಹೋಗುತ್ತದೆ. ನೆಲ ಸ್ವಲ್ಪ ತೇವವಾಗುತ್ತದೆ, ಅಷ್ಟಕ್ಕೆ ನಾನು ಒಪ್ಪಿದ್ದೇನೆ.

ಆನಿಂಗ್ ಬಿಚ್ಚಿರುವಾಗ ಗಂಟೆಗೆ 50 ಮಿ.ಮೀ. ಮಳೆ ಸುರಿದರೆ ನಮ್ಮ ಏಳು ಚದರ ಮೀಟರ್ ಬಟ್ಟೆಯಿಂದ 350 ಲೀಟರ್ ನೀರು ಒಂದೇ ಸಾಲಿನಲ್ಲಿ ಅಂಗಳಕ್ಕೆ ಬೀಳುತ್ತದೆ. ಕೆಂಪು ಮಣ್ಣು ಸಿಡಿದು ಗೋಡೆಗೆ ಮೊಣಕಾಲೆತ್ತರ ಕಲೆ. ಬೀಳುವ ಸಾಲಿಗೆ ಸರಿಯಾಗಿ ಅಗೆದು ಜಲ್ಲಿ ತುಂಬಿಸಿ, ಕೊನೆಯನ್ನು ತೆಂಗಿನ ಬುಡಕ್ಕೆ ಹರಿಯಬಿಟ್ಟೆ. ಒದ್ದೆಯಲ್ಲೇ ಸುತ್ತಬೇಕಾಗಿ ಬಂದರೆ ಮುಂದಿನ ಬಿಸಿಲಿಗೆ ಬಿಚ್ಚಿ ಒಣಗಿಸುತ್ತೇವೆ. ಬಟ್ಟೆ ಕೊಳೆಯದಿದ್ದರೂ ಅದರ ಮೇಲಿನ ಧೂಳು ಬೂಸ್ಟು ಹಿಡಿಯುತ್ತದೆ. ತೊಳೆಯಲು ಮೆದು ಬ್ರಷ್, ಸೋಪಿನ ನೀರು. ಬಟ್ಟೆ ಒಗೆಯುವ ಪುಡಿ ಹಾಕಿದರೆ ನೀರು ಜಾರಿಸುವ ಲೇಪ ಹೋಗುತ್ತದೆ. ಚೌತಿ ಕಳೆದು ಮತ್ತೆ ಹೊರತೆಗೆಯುವಾಗ ತೋಳಿನ ಕೀಲುಗಳ ಉಪ್ಪನ್ನು ಸಿಹಿನೀರಿನಿಂದ ತೊಳೆದು, ಬ್ರಾಕೆಟ್ಟಿನ ನಟ್ಟುಗಳಿಗೆ ಒಮ್ಮೆ ಸ್ಪ್ಯಾನರ್ ಹಾಕಿ ನೋಡುತ್ತೇನೆ.