ಬ್ರಿಡ್ಜ್ ಬಿಗಿಗೊಳಿಸುವ ಮುನ್ನ
ಮೆಕ್ಯಾನಿಕಲ್ ಕೈಗಡಿಯಾರವನ್ನು ಮರಳಿ ಜೋಡಿಸುವಾಗ, ಚಕ್ರಗಳ ಮೇಲೆ ಬ್ರಿಡ್ಜ್ (ಅವುಗಳ ಮೇಲ್ತುದಿಗಳನ್ನು ಹಿಡಿದಿಡುವ ಲೋಹದ ಪಟ್ಟಿ) ಕೂರಿಸಿದ ಕೂಡಲೇ ಸ್ಕ್ರೂ ಬಿಗಿಗೊಳಿಸದೆ, ಅದನ್ನು ಮರದ ಕಡ್ಡಿಯಿಂದ ಹಗುರವಾಗಿ ಒತ್ತಿ ಹಿಡಿದು ನಡುವಿನ ಚಕ್ರವನ್ನು ಚಿಮುಟದ ತುದಿಯಿಂದ ತುಸು ತಳ್ಳಿ ನೋಡಿ; ಕೊನೆಯ ಎಸ್ಕೇಪ್ ಚಕ್ರವೂ ಸರಾಗವಾಗಿ ತಿರುಗಿದರೆ ಮಾತ್ರ ಸ್ಕ್ರೂಗಳನ್ನು ಅರ್ಧರ್ಧ ಸುತ್ತು ಬಿಗಿಗೊಳಿಸುತ್ತ, ಪ್ರತಿ ಸಲವೂ ಹೀಗೆಯೇ ಪರೀಕ್ಷಿಸಿ. ಚಕ್ರದ ಅಚ್ಚಿನ ಕೂದಲೆಳೆಯಂಥ ತುದಿ, ಅಂದರೆ ಪಿವಟ್, ತನಗಾಗಿ ಕೂರಿಸಿದ ಪುಟ್ಟ ಕಲ್ಲಿನ ತೂತಿಗೆ ಇಳಿಯದೆ ಅಂಚಿನ ಮೇಲೆ ನಿಂತಿದ್ದರೆ ಚಕ್ರ ಅಲ್ಲಾಡುವುದಿಲ್ಲ, ಆ ಸ್ಥಿತಿಯಲ್ಲಿ ಸ್ಕ್ರೂ ತಿರುಗಿಸಿದರೆ ಪಿವಟ್ ಮುರಿಯುತ್ತದೆ, ಇಲ್ಲವೇ ಕಲ್ಲು ಬಿರುಕು ಬಿಡುತ್ತದೆ. ಎಸ್ಕೇಪ್ ಚಕ್ರದ ಹಲ್ಲುಗಳನ್ನು ಒಂದೊಂದಾಗಿ ತಡೆದು ಬಿಡುವ ಪ್ಯಾಲೆಟ್ ಫೋರ್ಕನ್ನು ಆಗಲೇ ಕೂರಿಸಿದ್ದರೆ ಅದು ಎಸ್ಕೇಪ್ ಚಕ್ರವನ್ನು ತಡೆಯುವುದರಿಂದ ಈ ಪರೀಕ್ಷೆ ನಡೆಯದು. ಹಳೆಯ ಎಣ್ಣೆ ಅಂಟಾಗಿ ಉಳಿದಿದ್ದರೆ, ಎಲ್ಲವೂ ಸರಿಯಾಗಿ ಕೂತಿದ್ದರೂ ಚಕ್ರ ತಡವರಿಸಿ ನಮ್ಮನ್ನು ದಾರಿ ತಪ್ಪಿಸುತ್ತದೆ.