ಲೋಟದೊಳಗೆ ನೀರು ಏರುವುದೇಕೆ? 8ನೇ ತರಗತಿಯಲ್ಲಿ ನಾನು ಮಾಡಿಸುವ ಕ್ರಮ

ವಿಜ್ಞಾನವೆಂದರೆ ಪುಸ್ತಕದಲ್ಲಿ ಅಚ್ಚಾದ ಉತ್ತರ ಎಂದು ನಂಬಿಕೊಂಡೇ ಮಕ್ಕಳು ಪ್ರೌಢಶಾಲೆಗೆ ಬರುತ್ತಾರೆ. ಬಾಯಿಮಾತಿನಲ್ಲಿ ಹೇಳಿದರೆ ಆ ನಂಬಿಕೆ ಹೋಗುವುದಿಲ್ಲ. ಅದಕ್ಕೆ ಎರಡು ಪೀರಿಯಡ್ ಇಟ್ಟುಕೊಂಡು, ಉತ್ತರ ಎಲ್ಲರಿಗೂ ಗೊತ್ತಿದೆ ಎನಿಸುವ ಪ್ರಯೋಗವನ್ನೇ ಮಾಡಿಸುತ್ತೇನೆ: ನೀರಿನ ತಟ್ಟೆಯಲ್ಲಿ ಉರಿಯುವ ಮೇಣದಬತ್ತಿಯ ಮೇಲೆ ಲೋಟ ಮುಚ್ಚುವುದು.

ಐದು ಮಕ್ಕಳ ಗುಂಪಿಗೆ ಅಂಚಿರುವ ಸ್ಟೀಲ್ ತಟ್ಟೆ, 300 ಮಿ.ಲೀ. ನೀರು, ಎರಡು ಹನಿ ಇಂಕು, 250 ಮಿ.ಲೀ. ಹಿಡಿಯುವ ಗಾಜಿನ ಲೋಟ, ಒಂದೇ ಎತ್ತರಕ್ಕೆ ಕತ್ತರಿಸಿದ ಮೂರು ಸಣ್ಣ ಬತ್ತಿ. ಲೋಟದ ಬಾಯಿಯಡಿ ಮೂರು ನಾಣ್ಯ ಇಡಲೇಬೇಕು, ಇಲ್ಲದಿದ್ದರೆ ಅದು ತಟ್ಟೆಗೆ ಕೂತುಬಿಟ್ಟು ನೀರಿಗೆ ದಾರಿ ಇರುವುದಿಲ್ಲ. ನೀರು ಕಡಿಮೆಯಾದರೆ ತಟ್ಟೆ ಬರಿದಾಗಿ ಹೊರಗಿನ ಗಾಳಿ ಒಳನುಗ್ಗುತ್ತದೆ.

ನೋಟ್‌ಬುಕ್ಕಿನಲ್ಲಿ ‘ಕಂಡದ್ದು’, ‘ಊಹಿಸಿದ್ದು’ ಎಂದು ಎರಡು ಕಾಲಂ. ಮೊದಲ ಸಲ ಬಹುತೇಕರು ‘ಆಮ್ಲಜನಕ ಖರ್ಚಾಯಿತು’ ಎಂದು ‘ಕಂಡದ್ದು’ ಕಾಲಂನಲ್ಲೇ ಬರೆಯುತ್ತಾರೆ. ನಾನು ತಿದ್ದುವುದಿಲ್ಲ. ಕಣ್ಣಿಗೆ ಬಿದ್ದದ್ದು ಯಾವುದು ಎಂದಷ್ಟೇ ಕೇಳುತ್ತೇನೆ. ಅವರೇ ಹೊಡೆದುಹಾಕಿ ಪಕ್ಕದ ಕಾಲಂಗೆ ಸಾಗಿಸಬೇಕು.

ಮುಂದಿನ ಸುತ್ತಿಗೆ ಮೊದಲೇ ಭವಿಷ್ಯ ಬರೆಸುತ್ತೇನೆ. ಆಮ್ಲಜನಕ ಮುಗಿದದ್ದೇ ಕಾರಣವಾದರೆ ಬತ್ತಿ ಒಂದಿರಲಿ ಮೂರಿರಲಿ, ನೀರು ಒಂದೇ ಮಟ್ಟಕ್ಕೆ ಬರಬೇಕು, ಉರಿಯುತ್ತಿರುವಾಗಲೇ ಏರಬೇಕು. ಮಾರ್ಕರ್ ಗೆರೆ ಬೇರೆಯದನ್ನೇ ತೋರಿಸುತ್ತದೆ: ಮೂರು ಬತ್ತಿಗೆ ಮಟ್ಟ ಸ್ಪಷ್ಟವಾಗಿ ಮೇಲೆ, ಅದೂ ಜ್ವಾಲೆ ಆರುತ್ತಿದ್ದಂತೆ ಸರ್ರನೆ ಏರುತ್ತದೆ. ನೀರಿಗೆ ತುಸು ಸೋಪು ಬೆರೆಸಿದರೆ, ಕಾದ ಗಾಳಿ ಲೋಟದ ಬಾಯಿಯಿಂದ ಗುಳ್ಳೆಯಾಗಿ ಹೊರಬೀಳುವುದೂ ಕಾಣುತ್ತದೆ. ಕೊನೆಗೆ ಬತ್ತಿಯೇ ಬೇಡ: ಲೋಟಕ್ಕೆ ಬಿಸಿನೀರು ತುಂಬಿ, ಒಂದು ನಿಮಿಷ ಬಿಟ್ಟು ಚೆಲ್ಲಿ, ತಕ್ಷಣ ಬೋರಲು ಹಾಕಿದರೆ ಆಗಲೂ ನೀರು ಏರುತ್ತದೆ. ಕುದಿಯುವ ನೀರು ಬೇಡ, ಗಾಜು ಒಡೆಯುತ್ತದೆ.

ಆಮ್ಲಜನಕದ ಪಾಲು ಸೊನ್ನೆ ಎಂದೂ ಹೇಳಬಾರದು. ಗಾಳಿಯಲ್ಲಿ ಅದು ಶೇ. 21 ಇದ್ದರೂ ಸುಮಾರು 16ಕ್ಕೆ ಇಳಿದಾಗಲೇ ಜ್ವಾಲೆ ಆರುತ್ತದೆ. ಮೇಣದಲ್ಲಿ 25 ಕಾರ್ಬನ್ ಪರಮಾಣುಗಳ ಒಂದು ಅಣು ಉರಿದರೆ 38 ಆಮ್ಲಜನಕದ ಅಣು ಖರ್ಚಾಗಿ, 25 ಕಾರ್ಬನ್ ಡೈಆಕ್ಸೈಡ್ ಅಣು ಹುಟ್ಟುತ್ತವೆ. ಹೀಗಾಗಿ ಆ ಲೆಕ್ಕದಲ್ಲಿ ಗಾಳಿ ಕುಗ್ಗುವುದು ಅಲ್ಪವೇ.

ನಿಜವಾದ ಕಷ್ಟ ಇಲ್ಲಿಂದ ಶುರು. ‘ಹಾಗಾದ್ರೆ ವಿಜ್ಞಾನದಲ್ಲಿ ಯಾರು ಏನು ಬೇಕಾದ್ರೂ ಹೇಳಬಹುದಲ್ವಾ ಸರ್?’ ಎಂಬ ಪ್ರಶ್ನೆ ಬರುತ್ತದೆ. ಮೊದಲ ತಪ್ಪಿಗಿಂತ ಇದು ದೊಡ್ಡದು. ‘ಆಮ್ಲಜನಕ ಖರ್ಚಾಯಿತು’, ‘ಕಾದು ಹಿಗ್ಗಿದ ಗಾಳಿ ತಣಿದು ಕುಗ್ಗಿತು’ ಎಂಬ ಎರಡೂ ವಿವರಣೆಗಳನ್ನು ಬೋರ್ಡಿನ ಮೇಲೆ ಬರೆದು, ಕಂಡ ಒಂದೊಂದು ಸಂಗತಿಗೂ ಯಾವುದು ಹೊಂದುತ್ತದೆ ಎಂದು ಮಕ್ಕಳಿಂದಲೇ ಗುರುತು ಹಾಕಿಸುತ್ತೇನೆ. ಆಮೇಲೆ ‘ಆಮ್ಲಜನಕ’ ಪದವನ್ನೇ ಬಿಡಿಸುತ್ತೇವೆ: ಆಮ್ಲವನ್ನು ಹುಟ್ಟಿಸುವುದು. ಎಲ್ಲ ಆಮ್ಲಗಳಲ್ಲೂ ಅದು ಇರುತ್ತದೆಂದು ಫ್ರೆಂಚ್ ರಸಾಯನವಿಜ್ಞಾನಿ ಲ್ಯಾವೋಸಿಯೆ ನಂಬಿ ಇಟ್ಟ ಹೆಸರಿನ ಕನ್ನಡ ರೂಪ ಅದು. 1810ರಲ್ಲಿ ಇಂಗ್ಲಿಷ್ ರಸಾಯನವಿಜ್ಞಾನಿ ಹಂಫ್ರಿ ಡೇವಿ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿರುವ ಕ್ಲೋರಿನ್ ಆಮ್ಲಜನಕ ಸೇರಿರದ ಒಂದು ಧಾತು ಎಂದು ಸಾರಿದ ಮೇಲೆ ಆ ನಂಬಿಕೆ ನಿಲ್ಲಲಿಲ್ಲ, ಹೆಸರು ಮಾತ್ರ ಉಳಿಯಿತು. ಹೈಡ್ರೋಕ್ಲೋರಿಕ್ ಆಮ್ಲದ ಸೂತ್ರ ಬರೆಸಿ, ಅದರಲ್ಲಿ ಆಮ್ಲಜನಕ ಎಲ್ಲಿದೆ ಹುಡುಕಿ ಎನ್ನುತ್ತೇನೆ.